ಮಗಳ ಹೆಸರಿನ ಕಾಲೇಜು

ನೂರು ವರ್ಷಗಳಿಗೂ ಹಿಂದಿನ ಮಾತು. ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ಸಾರಾ ಎಂಬ ವಿಧವೆಯೊಬ್ಬಳು ಅವರಿವರ ಮನೆಯ ಕೊಳೆಬಟ್ಟೆ ತಂದು ಒಗೆದು ಕೊಡುತ್ತಿದ್ದಳು. ದಿನದ ಸಂಪಾದನೆ ಒಂದೂವರೆ ಡಾಲರ್‌ನ ಆಸುಪಾಸು. ಹೀಗೊಮ್ಮೆ ಒಗೆಯುವ ಹಲಗೆಯ ಮೇಲೆ ಬಾಗಿದ್ದಾಗ ಅವಳ ಕಣ್ಣು ನೊರೆಯೊಳಗಿದ್ದ ತನ್ನ ಕೈಗಳ ಮೇಲೆ ಬಿತ್ತು. ವಯಸ್ಸಾಗಿ ಸೊಂಟ ಹಿಡಿದುಕೊಂಡರೆ ಮುಂದೇನು? ಈ ಮಗಳನ್ನು ನೋಡಿಕೊಳ್ಳುವವರು ಯಾರು? ಈ ಯೋಚನೆ ತನ್ನನ್ನು ಕಾಡಿದ್ದನ್ನು ಎಷ್ಟೋ ವರ್ಷಗಳ ನಂತರ ಆಕೆಯೇ ಪತ್ರಿಕೆಯವರಿಗೆ ಹೇಳಿದಳು.

ಸಾರಾ ಹುಟ್ಟಿದ್ದು 1867ರಲ್ಲಿ, ಲೂಸಿಯಾನಾದ ಡೆಲ್ಟಾ ಎಂಬ ಹಳ್ಳಿಯ ಹತ್ತಿ ತೋಟದಲ್ಲಿ. ತಂದೆತಾಯಿ ಗುಲಾಮರಾಗಿದ್ದವರು. ಆ ಮನೆಯಲ್ಲಿ ಸ್ವತಂತ್ರಳಾಗಿ ಹುಟ್ಟಿದ ಮೊದಲ ಕೂಸು ಇವಳೇ. ಏಳು ವರ್ಷಕ್ಕೇ ಅನಾಥೆ, ಹದಿನಾಲ್ಕಕ್ಕೆ ಮದುವೆ, ಇಪ್ಪತ್ತರ ಹೊತ್ತಿಗೆ ವಿಧವೆ. ಮಡಿಲಲ್ಲಿ ಎರಡು ವರ್ಷದ ಲೀಲಿಯಾ. ಸೇಂಟ್ ಲೂಯಿಯಲ್ಲಿ ಅಣ್ಣಂದಿರು ಕ್ಷೌರದ ಅಂಗಡಿ ಇಟ್ಟಿದ್ದರು. ಅವರನ್ನು ನಂಬಿ ಆ ಊರಿಗೆ ಬಂದಳು.

ತಾನು ಶಾಲೆಯ ಮುಖ ಕಂಡವಳಲ್ಲ ಎಂದರೂ ನಡೆದೀತು. ಎಳವೆಯಲ್ಲಿ ಚರ್ಚಿನ ಭಾನುವಾರದ ಪಾಠದಲ್ಲಿ ಮೂರು ತಿಂಗಳು ಅಕ್ಷರ ಕಲಿತದ್ದಷ್ಟೇ. ಆದರೆ ಒಗೆದು ಉಳಿಸಿದ ಹಣದಲ್ಲಿ ಮಗಳನ್ನು ದೂರದ ಟೆನೆಸ್ಸಿ ರಾಜ್ಯದ ನಾಕ್ಸ್‌ವಿಲ್ ಕಾಲೇಜಿಗೆ ಕಳುಹಿಸಿದಳು. ಫೀಸು ಕಟ್ಟುವ ದಿನ ಹತ್ತಿರ ಬಂದಾಗ ಮನೆಯಲ್ಲಿ ಕವಿಯುವ ಮೌನವನ್ನು ಬಲ್ಲ ಪೋಷಕರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಈ ನಡುವೆ ಸಾರಾಳ ಕೂದಲು ಉದುರತೊಡಗಿತು. ಆ ಕಾಲದ ಬಡ ಹೆಂಗಸರಲ್ಲಿ ಇದು ಸಾಮಾನ್ಯ. ಮನೆಯಲ್ಲಿ ನಲ್ಲಿಯಿಲ್ಲ, ತಲೆಸ್ನಾನ ಅಪರೂಪ, ಸಿಕ್ಕಿದ್ದು ಖಾರವಾದ ಸೋಪು. ನೆತ್ತಿಯಲ್ಲಿ ಹೊಟ್ಟು, ಹುಣ್ಣು. ಅವಳು ಕಂಡುಕೊಂಡ ಮದ್ದು ಸರಳವೇ: ಆಗಾಗ್ಗೆ ತಲೆ ತೊಳೆಯುವುದು, ಗಂಧಕ ಬೆರೆಸಿದ ಮುಲಾಮು ಹಚ್ಚಿ ತಿಕ್ಕುವುದು. ಮುಲಾಮಿನಲ್ಲಿ ನಮ್ಮ ಕೊಬ್ಬರಿ ಎಣ್ಣೆಯೂ ಇತ್ತು! ಮದ್ದಿನ ಗುಟ್ಟು ಕನಸಿನಲ್ಲಿ ತಿಳಿಯಿತೆಂದು ಅವಳು ಹೇಳಿಕೊಂಡಳು. ಆದರೆ ಅದಕ್ಕೂ ಮೊದಲು ಆನಿ ಮೆಲೋನ್ ಎಂಬ ಇನ್ನೊಬ್ಬ ಉದ್ಯಮಿಯ ಕೇಶತೈಲ ಮಾರುತ್ತಿದ್ದಳೆಂಬುದೂ ನಿಜ. ಕನಸಿಗಿಂತ ಆ ಅನುಭವವೇ ಹೆಚ್ಚು ಕೆಲಸಕ್ಕೆ ಬಂದಿರಬೇಕು.

1905ರಲ್ಲಿ ಡೆನ್ವರ್ ನಗರಕ್ಕೆ ಹೋದಳು. ಮರುವರ್ಷ ಚಾರ್ಲ್ಸ್ ಜೋಸೆಫ್ ವಾಕರ್ ಎಂಬಾತನನ್ನು ಮದುವೆಯಾಗಿ ‘ಮೇಡಮ್ ಸಿ. ಜೆ. ವಾಕರ್’ ಎಂಬ ಹೆಸರಿನಲ್ಲಿ ವ್ಯಾಪಾರ ಆರಂಭಿಸಿದಳು. ಊರೂರು ಅಲೆದಳು, ಮನೆಮನೆಯಲ್ಲಿ ಹೆಂಗಸರ ತಲೆ ತೊಳೆದು ತೋರಿಸಿದಳು. 1908ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಕೇಶಾಲಂಕಾರ ಕಲಿಸುವ ಶಾಲೆಯನ್ನೇ ತೆರೆದಳು. ಅದಕ್ಕಿಟ್ಟ ಹೆಸರು ‘ಲೀಲಿಯಾ ಕಾಲೇಜು’. ನಡೆಸುವ ಹೊಣೆಯೂ ಮಗಳದೇ. ಅಡುಗೆ, ಬಟ್ಟೆ ಒಗೆತ, ಹೊಲದ ಕೂಲಿ ಬಿಟ್ಟರೆ ಬೇರೆ ದಾರಿಯೇ ಕಾಣದಿದ್ದ ಕಪ್ಪು ಹೆಂಗಸರು ಅಲ್ಲಿ ಕಸುಬು ಕಲಿತರು, ಪ್ರಮಾಣಪತ್ರ ಪಡೆದರು, ತಮ್ಮ ಊರುಗಳಲ್ಲಿ ಸ್ವಂತಕ್ಕೆ ದುಡಿಯತೊಡಗಿದರು.

ಟೀಕೆ ಇರಲಿಲ್ಲವೆಂದಲ್ಲ. ಗುಂಗುರು ಕೂದಲನ್ನು ಕಾಯಿಸಿದ ಬಾಚಣಿಗೆಯಿಂದ ನೆಟ್ಟಗೆ ಮಾಡುವುದು ಬಿಳಿಯರ ಅನುಕರಣೆ ಎಂದು ಅವಳ ಜನರೇ ದೂರಿದರು. ತನ್ನ ಗುರಿ ಕೂದಲಿನ ಆರೋಗ್ಯ ಎಂದು ಅವಳು ವಾದಿಸಿದಳು. ಆದರೂ ಆ ಬಾಚಣಿಗೆ ಅವಳ ಪಾಠದಲ್ಲಿ ಇದ್ದೇ ಇತ್ತು, ದೂರಿನಲ್ಲಿ ಹುರುಳಿಲ್ಲದಿರಲಿಲ್ಲ. ಬಾಚಣಿಗೆಯನ್ನು ಕಂಡುಹಿಡಿದವಳೇ ಅವಳು ಎನ್ನುವುದು ಮಾತ್ರ ಕಟ್ಟುಕತೆ.

1910ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ನೆಲೆನಿಂತಳು. ಅಲ್ಲಿನ ಕಾರ್ಖಾನೆಯ ಮೇಲ್ವಿಚಾರಕಿ ಆಲಿಸ್ ಕೆಲ್ಲಿ ಹಿಂದೆ ಶಿಕ್ಷಕಿಯಾಗಿದ್ದವಳು. ಒಡತಿ ತನ್ನ ನೌಕರಳ ಬಳಿಯೇ ಕೈಬರಹ, ವ್ಯಾಕರಣ ಕಲಿತಳು. ಆಗ ಅವಳ ವಯಸ್ಸು ನಲವತ್ತು ದಾಟಿತ್ತು!

1912ರಲ್ಲಿ ಷಿಕಾಗೋದಲ್ಲಿ ಕಪ್ಪು ವ್ಯಾಪಾರಿಗಳ ಸಮ್ಮೇಳನ. ಅಧ್ಯಕ್ಷ ಬುಕರ್ ಟಿ. ವಾಷಿಂಗ್ಟನ್ ದೊಡ್ಡ ವಿದ್ವಾಂಸ. ಅವಳಿಗೆ ಮಾತಾಡಲು ಅವಕಾಶ ಕೊಡಿ ಎಂದು ಬೇರೊಬ್ಬರು ಕೇಳಿದರೂ ಆತ ಕಿವಿಗೊಡಲಿಲ್ಲ. ಕೊನೆಯ ದಿನ ಕುಳಿತಲ್ಲಿಂದ ಅವಳೇ ಎದ್ದು ನಿಂತಳು. ಹತ್ತಿ ಹೊಲದಿಂದ ಒಗೆಯುವ ತೊಟ್ಟಿಗೆ, ತೊಟ್ಟಿಯಿಂದ ಅಡುಗೆಮನೆಗೆ, ಅಲ್ಲಿಂದ ಸ್ವಂತ ಕಾರ್ಖಾನೆಗೆ ಬಂದ ದಾರಿಯನ್ನು ಎಲ್ಲರೆದುರು ಹೇಳಿದಳು. ಮರುವರ್ಷದ ಸಮ್ಮೇಳನದಲ್ಲಿ ಅವಳು ಆಹ್ವಾನಿತ ಭಾಷಣಕಾರ್ತಿ.

ಇತ್ತ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಅಂಗಡಿ ತೆರೆಯಬೇಕೆಂದು ಮಗಳು ಹಟ ಹಿಡಿದಳು. 1913ರಲ್ಲಿ 136ನೇ ಬೀದಿಯಲ್ಲಿ ಕೊಂಡ ಮನೆ ಮುಂದೆ ಸೊಗಸಾದ ಸಲೂನ್ ಆಯಿತು. ತಾಯಿ 1919ರ ಮೇ ತಿಂಗಳಲ್ಲಿ, 51ನೇ ವಯಸ್ಸಿಗೇ ತೀರಿಕೊಂಡಳು. ಕಂಪನಿಯ ಹೊಣೆ ಮಗಳಿಗೆ ಬಂತು. ಮಗಳು ವ್ಯಾಪಾರದಲ್ಲಿ ತಾಯಿಯಷ್ಟು ಗಟ್ಟಿಗಿತ್ತಿಯಲ್ಲ, ಆದರೆ ಕವಿ ಕಲಾವಿದರೆಂದರೆ ಅವಳಿಗೆ ಜೀವ. 1927ರಲ್ಲಿ ಅದೇ ಮನೆಯಲ್ಲಿ ಅವರು ಕಲೆಯಲೆಂದು ಜಾಗ ಮಾಡಿಕೊಟ್ಟು, ಗೋಡೆಯ ಮೇಲೆ ಲ್ಯಾಂಗ್‌ಸ್ಟನ್ ಹ್ಯೂಸ್, ಕೌಂಟೀ ಕಲೆನ್ ಅವರ ಕವಿತೆಗಳನ್ನು ಬರೆಸಿದಳು.

ಆ ಮನೆ ಈಗಿಲ್ಲ. ಅದು ನಿಂತಿದ್ದ ಜಾಗದಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಶಾಖೆಯೊಂದಿದೆ. ಅದಕ್ಕೆ ಕೌಂಟೀ ಕಲೆನ್‌ನ ಹೆಸರಿಟ್ಟಿದ್ದಾರೆ.