ಗೃಹಿಣಿಗೆ ಗೊತ್ತಿರಲಿ: ಮುಂದಿನ ಕೋಣೆ ಅಂಗಡಿಯಾದಾಗ ಕಂದಾಯವೆಷ್ಟು?



ಏಪ್ರಿಲ್ ಬಂತೆಂದರೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳ ಗಡಿಬಿಡಿ. ಅದರ ಜೊತೆಗೇ ಬರುವ ಇನ್ನೊಂದು ಕೆಲಸ ಮನೆ ಕಂದಾಯ. "ಅದೆಲ್ಲ ನಮ್ಮ ಯಜಮಾನ್ರು ನೋಡ್ಕೋತಾರೆ" ಎಂದು ನಮ್ಮಲ್ಲಿ ಬಹಳ ಮಂದಿ ಆ ಕಾಗದವನ್ನು ಬಿಡಿಸಿಯೂ ನೋಡುವುದಿಲ್ಲ. ಆದರೆ ಮೈಸೂರಿನ ಯಾವ ಬಡಾವಣೆಗೆ ಬೇಕಾದರೂ ಹೋಗಿ ನೋಡಿ. ಸರಸ್ವತಿಪುರವಿರಲಿ, ಕುವೆಂಪುನಗರವಿರಲಿ, ಹಳೆಯ ಅಗ್ರಹಾರವಿರಲಿ, ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು, ಬ್ಯೂಟಿ ಪಾರ್ಲರು, ಚಕ್ಕುಲಿ-ಕೋಡುಬಳೆ ವ್ಯಾಪಾರ ಇಟ್ಟುಕೊಂಡ ಗೃಹಿಣಿಯರು ಸಿಗುತ್ತಾರೆ. ಆ ಕೋಣೆಯ ಕಂದಾಯ ಹೋಗುವುದು ಅವರ ದುಡಿಮೆಯಿಂದಲೇ. ಅಂದಮೇಲೆ ಅದರ ಲೆಕ್ಕ ಅವರಿಗೆ ತಿಳಿಯದಿದ್ದರೆ ಹೇಗೆ?

ಹಿಂದೆ ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬರಬಹುದೆಂದು ಅಧಿಕಾರಿಗಳೇ ಅಂದಾಜು ಮಾಡಿ ಕಂದಾಯ ಹಾಕುತ್ತಿದ್ದರು. ಇಂಗ್ಲೆಂಡಿನಲ್ಲಿ ಅಂಗಡಿಗಳ ತೆರಿಗೆಗೆ ಇಂದಿಗೂ ಬಾಡಿಗೆಯ ಅಂದಾಜೇ ಆಧಾರ. ನಮ್ಮ ರಾಜ್ಯದ ಊರುಗಳಲ್ಲಿ 2002-03ರಿಂದ ಸ್ವಯಂ ಘೋಷಣೆಯ ಪದ್ಧತಿ ಬಂತು. ನಮ್ಮ ಮನೆಯ ಅಳತೆ, ವಯಸ್ಸು, ಬಳಕೆ ಇವನ್ನು ನಾವೇ ಬರೆದು, ನಾವೇ ಲೆಕ್ಕ ಹಾಕಿ ಕಟ್ಟಬೇಕು. ಪಾಲಿಕೆಯವರು ಆಮೇಲೆ ಪರೀಕ್ಷಿಸಬಹುದು. ಸುಳ್ಳು ಬರೆದಿದ್ದರೆ ದಂಡ ಬೀಳುತ್ತದೆ. ಆದ್ದರಿಂದ ಅಂಗಡಿಯನ್ನು ಮುಚ್ಚಿಟ್ಟು ಮನೆಯೆಂದು ಬರೆಯುವ ಜಾಣತನ ಬೇಡ. ಹಾಗೆಯೇ ಇಲ್ಲದ ಅಂಗಡಿಗೆ ಕಂದಾಯ ಕಟ್ಟುವ ದಡ್ಡತನವೂ ಬೇಡ.

ಲೆಕ್ಕದ ಬುಡ ಇಷ್ಟೇ. ನಿವೇಶನಕ್ಕೆ ಸರ್ಕಾರದ ಮಾರ್ಗಸೂಚಿ ದರದ ಮೇಲೆ ಒಂದು ಮೌಲ್ಯ, ಕಟ್ಟಡಕ್ಕೆ ಕಟ್ಟುವ ಖರ್ಚಿನ ಮೇಲೆ ಒಂದು ಮೌಲ್ಯ. ಕಟ್ಟಡ ಹಳೆಯದಾದಷ್ಟೂ ಸವಕಳಿ ಕಳೆಯುತ್ತಾರೆ. ಹೀಗೆ ಬಂದ ಮೌಲ್ಯದ ಮೇಲೆ ತೆರಿಗೆ. ವಾಸದ ಮನೆಗೆ ದರ ಕಡಿಮೆ, ವಾಣಿಜ್ಯಕ್ಕೆ ಹೆಚ್ಚು. ಅದರ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಪುನರ್ವಸತಿ ಎಂದು ಕರಗಳು ಸೇರುತ್ತವೆ. ಬುಡದ ಅಂಕಿ ತಪ್ಪಿದರೆ ಇವೆಲ್ಲವೂ ತಪ್ಪಿದ ಹಾಗೆಯೇ.

ಹಾಗಾದರೆ ಏನೇನು ನೋಡಬೇಕು? ನಾಲ್ಕೇ ವಿಷಯ.

ಒಂದು, ಅಳತೆ. ಟೇಪು ಹಿಡಿದು ನೀವೇ ಅಳೆಯಿರಿ. 10 ಅಡಿಗೆ 12 ಅಡಿ ಕೋಣೆಯಾದರೆ 120 ಚದರಡಿ. ಕಾಗದದಲ್ಲಿ 210 ಎಂದಿದ್ದರೆ ಯಾಕೆಂದು ಕೇಳಲೇಬೇಕು.

ಎರಡು, ಬಳಕೆ. ಹೆಚ್ಚಿನ ತಪ್ಪು ಆಗುವುದು ಇಲ್ಲಿಯೇ. ಮನೆ ಒಟ್ಟು 1000 ಚದರಡಿ, ಹೊಲಿಗೆ ಕೋಣೆ 120 ಎಂದಿಟ್ಟುಕೊಳ್ಳಿ. ವಾಣಿಜ್ಯ ದರ ಬೀಳಬೇಕಾದದ್ದು ಆ 120ಕ್ಕೆ ಮಾತ್ರ, ಉಳಿದ 880 ವಾಸದ ಲೆಕ್ಕ. ಇಡೀ ಮನೆ ವಾಣಿಜ್ಯವೆಂದು ನಮೂದಾದರೆ ಅಡುಗೆಮನೆಗೂ ದೇವರ ಕೋಣೆಗೂ ಅಂಗಡಿಯ ದರ! ವ್ಯಾಪಾರ ನಿಲ್ಲಿಸಿದವರು ಅದನ್ನೂ ಬರೆದು ತಿಳಿಸಬೇಕು. ತಿಳಿಸದಿದ್ದರೆ ಮೆಷಿನ್ನು ಅಟ್ಟ ಸೇರಿದ ಮೇಲೂ ಕಂದಾಯ ಅಂಗಡಿಯದೇ ಬರುತ್ತಿರುತ್ತದೆ.

ಮೂರು, ವಯಸ್ಸು. ಅಜ್ಜನ ಕಾಲದ ಮನೆಗೆ ಹೊಸ ಕಟ್ಟಡದ ಲೆಕ್ಕ ಹಾಕಿದ್ದರೆ ಸವಕಳಿ ತಪ್ಪಿಹೋಗುತ್ತದೆ. ಹಳೆಯ ಕಂದಾಯ ರಸೀತಿ, ಮಂಜೂರಾದ ನಕ್ಷೆ, ಮೊದಲ ವಿದ್ಯುತ್ ಬಿಲ್ಲು ಇವೇ ವಯಸ್ಸಿಗೆ ಸಾಕ್ಷಿ. ರದ್ದಿಗೆ ಹಾಕಬೇಡಿ.

ನಾಲ್ಕು, ರಸ್ತೆ. ಮಾರ್ಗಸೂಚಿ ದರ ರಸ್ತೆಯಿಂದ ರಸ್ತೆಗೆ ಬೇರೆ. ಒಳಗಿನ ಕ್ರಾಸಿನ ಮನೆಗೆ ಮುಖ್ಯರಸ್ತೆಯ ದರ ಹಾಕಿದ್ದರೆ ಮೌಲ್ಯ ಒಮ್ಮೆಲೇ ಏರುತ್ತದೆ. ನಿಮ್ಮ ರಸ್ತೆಯ ದರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿ ತಿಳಿಯಬಹುದು. ರಾಜ್ಯದಲ್ಲಿ ಈ ದರಗಳು 2023ರ ಅಕ್ಟೋಬರ್ 1ರಿಂದ ಪರಿಷ್ಕಾರವಾದವು. ದರವೇ ಹೆಚ್ಚಾಯಿತೆನ್ನುವವರು ಕರಡು ಪಟ್ಟಿ ಪ್ರಕಟವಾಗಿ ಆಕ್ಷೇಪಣೆ ಕರೆದಾಗಲೇ ಬರೆಯಬೇಕು. ನಿಮ್ಮ ಮನೆಗೆ ತಪ್ಪು ದರ ಹಾಕಿದ್ದಾರೆನ್ನುವ ದೂರು ಮಾತ್ರ ಪಾಲಿಕೆಗೆ.

ತಪ್ಪು ಕಂಡರೆ ಕೌಂಟರಿನಲ್ಲಿ ಜಗಳ ಆಡಿ ಬಂದರೆ ಪ್ರಯೋಜನವಿಲ್ಲ. ಬಾಯಿಮಾತಿಗೆ ದಾಖಲೆ ಇಲ್ಲ ನೋಡಿ. ನಿಮ್ಮ ವಲಯ ಕಚೇರಿಗೆ ಅರ್ಜಿ ಬರೆದುಕೊಡಿ. ಮಾದರಿ ಹೀಗಿದೆ:

"ಆಯುಕ್ತರು, ಮೈಸೂರು ಮಹಾನಗರ ಪಾಲಿಕೆ, ಇವರಿಗೆ, ವಲಯ ಕಚೇರಿಯ ಮೂಲಕ. ಮಾನ್ಯರೇ, ನನ್ನ ಹೆಸರಿನಲ್ಲಿರುವ ಮನೆ ನಂಬರ್ ಇಂಥದ್ದರಲ್ಲಿ 120 ಚದರಡಿ ಮಾತ್ರ ವಾಣಿಜ್ಯ ಬಳಕೆಯಲ್ಲಿದ್ದು, ಉಳಿದದ್ದು ವಾಸಕ್ಕಿದೆ. ದಾಖಲೆಯಲ್ಲಿ ಇಡೀ ಕಟ್ಟಡ ವಾಣಿಜ್ಯವೆಂದು ನಮೂದಾಗಿದೆ. ಸ್ಥಳ ಪರಿಶೀಲಿಸಿ ಸರಿಪಡಿಸಬೇಕಾಗಿ ಕೋರುತ್ತೇನೆ. ನಕ್ಷೆ ಮತ್ತು ರಸೀತಿಗಳ ಪ್ರತಿ ಲಗತ್ತಿಸಿದೆ."

ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಬನ್ನಿ. ನೋಟಿಸು ಬಂದಿದ್ದರೆ ಅದರಲ್ಲಿ ಕೊಟ್ಟ ಗಡುವಿನೊಳಗೆ ಉತ್ತರ ಕೊಡಬೇಕು. "ಮದುವೆ ಮುಗೀಲಿ, ಹಬ್ಬ ಕಳೀಲಿ" ಎಂದು ಮುಂದೂಡಿದರೆ ನ್ಯಾಯ ನಿಮ್ಮ ಕಡೆ ಇದ್ದರೂ ದಿನ ಮೀರಿಹೋಗುತ್ತದೆ. ಲೆಕ್ಕ ಹೇಗೆ ಹಾಕಿದರೆಂದು ಯಾರೂ ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ, ಅಳತೆ ಮತ್ತು ಲೆಕ್ಕದ ಹಾಳೆಯ ಪ್ರತಿ ಕೇಳಬಹುದು.

ತಕರಾರು ಇದೆಯೆಂದು ಕಂದಾಯವನ್ನೇ ನಿಲ್ಲಿಸಬೇಡಿ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇಕಡಾ 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇಕಡಾ 2 ದಂಡ. ಹತ್ತು ಸಾವಿರ ಕಂದಾಯವಾದರೆ ಏಪ್ರಿಲ್‌ನಲ್ಲಿ 500 ರೂಪಾಯಿ ಉಳಿಯಿತು. ಮಾರ್ಚಿಯವರೆಗೆ ಎಳೆದರೆ ಒಂಬತ್ತು ತಿಂಗಳಿಗೆ 1800 ರೂಪಾಯಿ ದಂಡ. ಸರಿಯೆಂದು ನಿಮಗೆ ಕಂಡ ಲೆಕ್ಕದಂತೆ ಕಟ್ಟಿ, ರಸೀತಿ ಇಟ್ಟುಕೊಂಡೇ ಆಕ್ಷೇಪಣೆ ನಡೆಸಿ.

ಮಳಿಗೆ ಬಾಡಿಗೆಗೆ ಹಿಡಿದವರಿಗೊಂದು ಮಾತು. ಕಂದಾಯ ಕಟ್ಟುವ ಹೊಣೆ ಮಾಲೀಕರದು. ಆದರೆ ಅದನ್ನು ನಿಮ್ಮಿಂದ ವಸೂಲು ಮಾಡುವ ಷರತ್ತು ಕರಾರಿನಲ್ಲಿರಬಹುದು. ಸಹಿ ಹಾಕುವ ಮುನ್ನ ಓದಿ, ಹಿಂದಿನ ವರ್ಷದ ರಸೀತಿ ತೋರಿಸಲು ಕೇಳಿ.

ಹುಳಿಗೆ ಬೇಳೆ, ದೋಸೆಗೆ ಅಕ್ಕಿ ಅಳೆದು ಹಾಕುವ ಕೈ ನಮ್ಮದು. ಹಾಲಿನವನ ಲೆಕ್ಕದಲ್ಲಿ ಅರ್ಧ ಲೀಟರ್ ಹೆಚ್ಚಾದರೂ ಕ್ಯಾಲೆಂಡರ್ ತೆಗೆದು ತೋರಿಸುತ್ತೇವೆ. ಕಂದಾಯದ ಕಾಗದಕ್ಕೂ ಅದೇ ಕಣ್ಣು ಸಾಕು. ಈ ವಾರ ಪುರುಸೊತ್ತು ಮಾಡಿಕೊಂಡು ಖಾತೆ, ರಸೀತಿ, ನಕ್ಷೆ ಮೂರನ್ನೂ ಒಂದು ಫೈಲಿಗೆ ಸೇರಿಸಿ, ಟೇಪು ಹಿಡಿದು ಮುಂದಿನ ಕೋಣೆ ಅಳೆದುಬಿಡಿ.