ನೂಕಿದ ಕೈ, ಕರೆದ ಕೈ

ಕಳೆದ ವಾರ ಪಟ್ಟಣದ ಟಾಕೀಸೊಂದರಲ್ಲಿ ಗೇಟ್‌ಕೀಪರ್ ನನ್ನನ್ನು ಕುರಿ ನೂಕಿದಂತೆ ಒಳಕ್ಕೆ ನೂಕಿದ. ಕಾಸು ಕೊಟ್ಟು ಬೈಸಿಕೊಳ್ಳೋದು ನಮಗೇನು ಹೊಸದೇ, ಬಿಡಿ!

ಅದೇ ಬೇಜಾರಿನಲ್ಲಿ ಸಾಗರದ ಬಸ್ಸು ಹತ್ತಿ ಹೆಗ್ಗೋಡಿಗೆ ಹೋದೆ. 1949ರಲ್ಲಿ ಊರಿನವರೇ ಸೇರಿ ಹುಟ್ಟುಹಾಕಿದ ನೀನಾಸಂ ಸಂಘದ ರಂಗಮಂದಿರದಲ್ಲಿ ಅಂದು ನಾಟಕ. ತಡವಾಗಿ ಹೋದ ನನಗೆ ಹುಡುಗನೊಬ್ಬ ಟಾರ್ಚ್ ಬಿಟ್ಟು, ‘ನಿಧಾನ ಬನ್ನಿ, ಮೆಟ್ಟಿಲಿದೆ’ ಅಂದ. ಅಡಿಕೆ ತೋಟದ ಅಜ್ಜರೊಬ್ಬರು ಸರಿದು ಜಾಗ ಕೊಟ್ಟರು.

ಪಿಯುಸಿ ಬಿಟ್ಟ ನನಗೆ ಇದೆಲ್ಲ ಅರ್ಥವಾದೀತೇ ಎಂಬ ಅಳುಕಿತ್ತು. ಯಾರೂ ಕೇಳಲಿಲ್ಲ. 1970ರ ದಶಕದಲ್ಲೇ ಇಲ್ಲಿನ ರೈತರಿಗೆ ಕುರೊಸಾವಾ, ಸತ್ಯಜಿತ್ ರಾಯ್ ಚಿತ್ರ ತೋರಿಸಿದವರು ಕೆ.ವಿ. ಸುಬ್ಬಣ್ಣ. ಪ್ರೇಕ್ಷಕನನ್ನು ದಡ್ಡನೆಂದು ಅವರು ತಿಳಿಯಲಿಲ್ಲ.

ನಮ್ಮ ಟಾಕೀಸುಗಳು ಒಂದೊಂದೇ ಮುಚ್ಚುತ್ತಿವೆ. ತಪ್ಪೆಲ್ಲ ಮೊಬೈಲಿನದಂತೆ! ನೂಕಿದ ಆ ಕೈ ಲೆಕ್ಕಕ್ಕಿಲ್ಲವೇ, ಸ್ವಾಮಿ?