ಇಪ್ಪತ್ತೆರಡು ಮಂದಿ, ಒಂದು ಮೇಜು, ಒಂದು ಪುಸ್ತಕ

ನ್ಯೂಯಾರ್ಕ್‌ನ ಕೊಲಂಬಿಯಾ ಕಾಲೇಜಿಗೆ ಸೇರಿದವರು ಮುಂದೆ ಭೌತವಿಜ್ಞಾನ ಓದಲಿ, ಅರ್ಥಶಾಸ್ತ್ರ ಓದಲಿ, ಮೊದಲ ವರ್ಷ ಹೋಮರನನ್ನು ಓದಲೇಬೇಕು. ಆ ಕೋರ್ಸಿನ ಹೆಸರು ಲಿಟರೇಚರ್ ಹ್ಯುಮ್ಯಾನಿಟೀಸ್. ವಿದ್ಯಾರ್ಥಿಗಳ ಬಾಯಲ್ಲಿ ಅದು ‘ಲಿಟ್ ಹಮ್’. 1937ರಲ್ಲಿ ಶುರುವಾದದ್ದು ಇವತ್ತಿಗೂ ಕಡ್ಡಾಯವಾಗಿ ಉಳಿದಿದೆ. ಒಂದು ತರಗತಿಯಲ್ಲಿ ಸುಮಾರು ಇಪ್ಪತ್ತೆರಡು ಮಂದಿ ಇರುತ್ತಾರೆ. ವಾರಕ್ಕೆರಡು ಸಲ, ಪ್ರತಿ ಸಲವೂ ಹೆಚ್ಚುಕಡಿಮೆ ಎರಡು ಗಂಟೆ ಮೇಜಿನ ಸುತ್ತ ಕೂತು ಓದಿದ್ದನ್ನು ಮಾತಾಡುತ್ತಾರೆ. ಇಲ್ಲಿ ಉಪನ್ಯಾಸಕ್ಕೆ ಜಾಗವಿಲ್ಲ. ನಡೆಸಿಕೊಡುವವರು ಗ್ರೀಕ್ ಪಂಡಿತರೇ ಆಗಿರಬೇಕೆಂದೂ ಇಲ್ಲ. ತತ್ವಶಾಸ್ತ್ರದವರು, ಇತಿಹಾಸದವರು, ಇನ್ನೂ ಪಿಎಚ್‌.ಡಿ. ಮಾಡುತ್ತಿರುವವರು ಕೂಡ ಈ ತರಗತಿ ತೆಗೆದುಕೊಳ್ಳುತ್ತಾರೆ. ಮೇಷ್ಟ್ರೂ ವಿದ್ಯಾರ್ಥಿಯೂ ಒಂದೇ ಪುಟದ ಮುಂದೆ ಕೂತಿರುತ್ತಾರೆ.

ಲೋಕದ ಸಾಹಿತ್ಯವನ್ನು ಕಾಲೇಜಿನಲ್ಲಿ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಕಾಣುವುದಿಲ್ಲ. ಕರ್ನಾಟಕದ ಪದವಿ ಕಾಲೇಜುಗಳಿಗೂ ಈ ದಾರಿ ಬೇಕು, ಅದೂ ಕನ್ನಡದಲ್ಲಿ ಬೇಕು.

ಇದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಜಾನ್ ಅರ್ಸ್ಕಿನ್ ಎಂಬ ಇಂಗ್ಲಿಷ್ ಪ್ರಾಧ್ಯಾಪಕರು 1920ರಲ್ಲಿ ಇದೇ ಕೊಲಂಬಿಯಾದಲ್ಲಿ ವಾರಕ್ಕೊಂದು ದೊಡ್ಡ ಕೃತಿ ಓದಿಸಿ ಚರ್ಚಿಸುವ ತರಗತಿ ಆರಂಭಿಸಿದರು. ಸಹೋದ್ಯೋಗಿಗಳು ಸುಮ್ಮನಿರಲಿಲ್ಲ. ಮೂಲ ಭಾಷೆ ಬಾರದವರು ಹೋಮರನನ್ನು ಓದಿದರೆ ಅದು ಓದೇ ಅಲ್ಲ, ಒಂದು ವಾರದಲ್ಲಿ ದಾಂತೆ ಅರ್ಥವಾಗುವುದಿಲ್ಲ ಎಂಬ ಆಕ್ಷೇಪಗಳು ಬಂದವು. ಈ ಪುಸ್ತಕಗಳು ಹುಟ್ಟಿದ್ದು ಪಂಡಿತರಿಗಾಗಿ ಅಲ್ಲ, ತಮ್ಮ ಕಾಲದ ಸಾಮಾನ್ಯ ಓದುಗರಿಗಾಗಿ ಎಂಬುದು ಅರ್ಸ್ಕಿನ್ ವಾದ. ನೂರು ವರ್ಷ ಕಳೆದರೂ ಆ ಆಕ್ಷೇಪಗಳು ಹಾಗೇ ಉಳಿದಿವೆ. ಆ ಉತ್ತರಕ್ಕಿಂತ ಗಟ್ಟಿಯಾದ ಉತ್ತರವೂ ಬಂದಿಲ್ಲ.

ಚರ್ಚೆಯಿಂದ ಆಗುವುದೇನು ಎಂಬುದಕ್ಕೆ ‘ಇಲಿಯಡ್’ನ ಕೊನೆಯ ಸರ್ಗವನ್ನೇ ನೋಡಬಹುದು. ಟ್ರಾಯ್‌ನ ಮುದಿ ದೊರೆ ಪ್ರಿಯಮ್ ರಾತ್ರಿ ಹೊತ್ತು ವೈರಿಯ ಬಿಡಾರಕ್ಕೆ ಬರುತ್ತಾನೆ. ಮಗನನ್ನು ಕೊಂದ ಅಖಿಲೀಸನ ಕೈಗೆ ಮುತ್ತಿಟ್ಟು, ಮಗನ ಹೆಣ ಕೊಡು ಎಂದು ಬೇಡುತ್ತಾನೆ. ಇಬ್ಬರೂ ಅಳುತ್ತಾರೆ. ಗೈಡಿನಲ್ಲಿ ಇದರ ಸಾರಾಂಶ ಎರಡು ಸಾಲು: ಅಖಿಲೀಸನಿಗೆ ಕರುಣೆ ಹುಟ್ಟಿತು, ಕಾವ್ಯ ಶಾಂತಿಯಲ್ಲಿ ಮುಗಿಯಿತು. ಆದರೆ ಪುಟ ಬಿಡಿಸಿಟ್ಟುಕೊಂಡು ಕೂತ ತರಗತಿಯಲ್ಲಿ ಯಾರಾದರೂ ಒಬ್ಬರ ಕಣ್ಣಿಗೆ ನಡುವಿನ ಒಂದು ಮಾತು ಬಿದ್ದೇ ಬೀಳುತ್ತದೆ. ಅತ್ತು ಮುಗಿದ ಮೇಲೂ ಅಖಿಲೀಸ್ ಮತ್ತೆ ಸಿಡುಕಿ, ನನ್ನನ್ನು ಕೆಣಕಬೇಡ, ನಿನ್ನನ್ನೂ ಕೊಂದುಬಿಟ್ಟೇನು ಎಂಬ ಅರ್ಥದಲ್ಲಿ ಮುದುಕನನ್ನು ಗದರಿಸುತ್ತಾನೆ. ಹಾಗಾದರೆ ಅದೆಂಥ ಕರುಣೆ? ಅವನು ಅತ್ತದ್ದು ಪ್ರಿಯಮ್‌ನ ದುಃಖಕ್ಕೋ, ದೂರದಲ್ಲಿರುವ ತನ್ನ ಅಪ್ಪನ ನೆನಪಿಗೋ? ಸತ್ತವನ ಉತ್ತರಕ್ರಿಯೆಗೆಂದು ಕದನ ನಿಲ್ಲಿಸಲು ಒಪ್ಪುವವನು ಹನ್ನೆರಡನೆಯ ದಿನ ಮತ್ತೆ ಹೋರಾಡಲಿದ್ದಾನೆ ಎನ್ನುವುದನ್ನು ಓದುಗ ಮರೆಯಬೇಕೇ? ಇವಕ್ಕೆ ಕೀ ಆನ್ಸರ್ ಇಲ್ಲ. ಪಠ್ಯದ ಸಾಲಿಗೆ ಬೆರಳಿಟ್ಟು ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಇನ್ನೊಂದು ಸಾಲಿಗೆ ಬೆರಳಿಟ್ಟು ಅಲ್ಲಗಳೆಯಬೇಕು. ಓದುವುದೆಂದರೆ ಇದೇ.

ಕನ್ನಡದ ವಿದ್ಯಾರ್ಥಿಗೆ ಇಲ್ಲಿ ಒಂದು ಅನುಕೂಲವೂ ಇದೆ. ರನ್ನನ ‘ಗದಾಯುದ್ಧ’ದ ತುಣುಕನ್ನು ಪ್ರೌಢಶಾಲೆಯಲ್ಲೇ ಓದಿದ ಮಕ್ಕಳಿದ್ದಾರೆ. ಅಲ್ಲಿ ಸಂಜಯನ ಜೊತೆ ರಣರಂಗದ ಹೆಣಗಳನ್ನು ದಾಟುತ್ತ ಹೋಗುವ ದುರ್ಯೋಧನ ಅಭಿಮನ್ಯುವಿನ ಶವದ ಮುಂದೆ ನಿಲ್ಲುತ್ತಾನೆ. ವೈರಿಯ ಮಗನ ಶೌರ್ಯವನ್ನು ಕೊಂಡಾಡಿ, ತನಗೂ ಅಂಥ ಸಾವು ಬರಲಿ ಎಂದು ಹಾರೈಸುತ್ತಾನೆ. ಅಖಿಲೀಸನಂತೆಯೇ ಅವನ ಛಲವೂ ಅಲ್ಲಿಗೆ ಮುಗಿಯುವುದಿಲ್ಲ, ಮುಂದೆ ಗದೆ ಹಿಡಿದೇ ಹಿಡಿಯುತ್ತಾನೆ. ಈ ಎರಡು ಸನ್ನಿವೇಶಗಳನ್ನು ಒಟ್ಟಿಗೆ ಇಟ್ಟು ಓದಿಸಿದರೆ ಗ್ರೀಸ್ ದೂರದ ಊರಾಗಿ ಉಳಿಯುವುದಿಲ್ಲ, ರನ್ನನೂ ಹಳಗನ್ನಡದ ಹತ್ತು ಅಂಕವಾಗಿ ಉಳಿಯುವುದಿಲ್ಲ. ಮೈಸೂರಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ.ಶ್ರೀ. ಈ ಕೆಲಸವನ್ನು ಎಂದೋ ಮಾಡಿ ತೋರಿಸಿದ್ದರು. ಸೊಫೊಕ್ಲಿಸನ ‘ಅಯಾಸ್’ ನಾಟಕವನ್ನು ಮಹಾಭಾರತಕ್ಕೆ ತಂದು ‘ಅಶ್ವತ್ಥಾಮನ್’ ಬರೆದರು. ಚಿರಂಜೀವಿ ಎಂದು ಜನ ನಂಬಿದ ಅಶ್ವತ್ಥಾಮ ಅಲ್ಲಿ ತಾನೇ ಪ್ರಾಣ ಕಳೆದುಕೊಳ್ಳುತ್ತಾನೆ. ಅದು ಸರಿಯೇ ಎಂಬ ಒಂದೇ ಪ್ರಶ್ನೆ ಸಾಕು, ಎರಡು ತರಗತಿ ಕಳೆಯುತ್ತದೆ.

ಕೊಲಂಬಿಯಾದ ಪಟ್ಟಿ ದೋಷವಿಲ್ಲದ್ದೇನಲ್ಲ. ಅಲ್ಲಿನ ಬಟ್ಲರ್ ಗ್ರಂಥಾಲಯದ ನೆತ್ತಿಯ ಮೇಲೆ ಹೋಮರ್, ಪ್ಲೇಟೊ, ವರ್ಜಿಲ್ ಮುಂತಾದ ಹೆಸರುಗಳು ಕಲ್ಲಿನಲ್ಲಿವೆ. ಒಂದೂ ಹೆಣ್ಣಿನ ಹೆಸರಿಲ್ಲ. 1989ರಲ್ಲಿ ವಿದ್ಯಾರ್ಥಿನಿಯರು ಸ್ಯಾಫೊ, ವರ್ಜೀನಿಯಾ ವುಲ್ಫ್ ಮೊದಲಾದವರ ಹೆಸರು ಬರೆದ ಉದ್ದನೆಯ ಬ್ಯಾನರನ್ನು ಆ ಹೆಸರುಗಳ ಮೇಲೆ ಕಟ್ಟಿದರು. ಲಿಟ್ ಹಮ್ ಪಟ್ಟಿಗೆ ಮೊದಲ ಲೇಖಕಿಯಾಗಿ ಜೇನ್ ಆಸ್ಟೆನ್ ಬಂದದ್ದೇ 1985ರಲ್ಲಿ, ಅಂದರೆ ಕೋರ್ಸ್ ಶುರುವಾಗಿ ಸುಮಾರು ಅರ್ಧ ಶತಮಾನ ಆದ ಮೇಲೆ. ಟೋನಿ ಮಾರಿಸನ್ ಬರಲು 2015ರವರೆಗೆ ಕಾಯಬೇಕಾಯಿತು. ಇದು ನಾಚಿಕೆಯ ವಿಷಯವೇ ಸರಿ. ಆದರೆ ಪಟ್ಟಿಯನ್ನು ಪ್ರಶ್ನಿಸಿದವರಲ್ಲಿ ಅದನ್ನು ಓದಿ ಬೆಳೆದವರೇ ಇದ್ದರು ಎಂಬುದನ್ನೂ ಗಮನಿಸಬೇಕು. ಯಾರನ್ನು ಬೇಕಾದರೂ ಪ್ರಶ್ನಿಸಬಹುದು ಎಂದು ಎರಡು ಸೆಮಿಸ್ಟರ್ ಕಲಿತವರು ಕೊನೆಗೆ ಪಟ್ಟಿಯನ್ನೇ ಪ್ರಶ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇಂಥ ಓದು ಉಳ್ಳವರ ಮಕ್ಕಳ ಶೋಕಿ ಎನ್ನುವವರು ರೂಸವೆಲ್ಟ್ ಮೊಂತಾಸ್ ಅವರ ಕಥೆ ತಿಳಿಯಬೇಕು. ಡೊಮಿನಿಕನ್ ರಿಪಬ್ಲಿಕ್‌ನ ಹಳ್ಳಿಯಿಂದ ಹನ್ನೆರಡರ ಆಸುಪಾಸಿನ ವಯಸ್ಸಿನಲ್ಲಿ, ಇಂಗ್ಲಿಷ್ ಬಾರದೆ, ನ್ಯೂಯಾರ್ಕ್‌ಗೆ ಬಂದ ಹುಡುಗ ಅವರು. ನೆರೆಯವರು ಕಸಕ್ಕೆಂದು ಹೊರಗಿಟ್ಟ ಪುಸ್ತಕಗಳಲ್ಲಿ ಸಾಕ್ರಟೀಸನ ಸಂವಾದಗಳು ಅವರಿಗೆ ಸಿಕ್ಕವು. ಮುಂದೆ ಅದೇ ಕೊಲಂಬಿಯಾದಲ್ಲಿ ಓದಿ, ಈ ಕಡ್ಡಾಯ ಕೋರ್ಸುಗಳ ಕೇಂದ್ರಕ್ಕೆ ನಿರ್ದೇಶಕರಾದರು. ಬಡ ಕುಟುಂಬಗಳ ಹೈಸ್ಕೂಲ್ ಮಕ್ಕಳಿಗೆ ಬೇಸಿಗೆಯಲ್ಲಿ ಪ್ಲೇಟೊ, ಅರಿಸ್ಟಾಟಲ್ ಓದಿಸಿದರು. 2021ರಲ್ಲಿ ಬಂದ ಅವರ ಪುಸ್ತಕ ಈ ಎಲ್ಲವನ್ನೂ ಹೇಳುತ್ತದೆ. ಮನೆಯಲ್ಲಿ ಪುಸ್ತಕ ಇಲ್ಲದವರಿಗೇ ಇಂಥ ತರಗತಿ ಹೆಚ್ಚು ಬೇಕು ಎಂಬ ಅವರ ನಿಲುವು ನಮ್ಮ ತಾಲ್ಲೂಕು ಕೇಂದ್ರಗಳ ಸರ್ಕಾರಿ ಕಾಲೇಜುಗಳಿಗೆ ಅಕ್ಷರಶಃ ಒಪ್ಪುತ್ತದೆ.

ಹಳ್ಳಿಯವರಿಗೆ ಇದೆಲ್ಲ ಎಟುಕದು ಎಂಬ ಮಾತನ್ನು ಕರ್ನಾಟಕವಂತೂ ಆಡಬಾರದು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ನೀನಾಸಂ ಬಳಗ 1970ರ ದಶಕದಲ್ಲೇ ಅಡಿಕೆ ತೋಟದ ಕೆಲಸ ಮುಗಿಸಿ ಬಂದವರಿಗೆ ಜಗತ್ತಿನ ದೊಡ್ಡ ಸಿನಿಮಾಗಳನ್ನು ತೋರಿಸಿ ಚರ್ಚೆಗೆ ಕೂರಿಸಿತು. ನೀನಾಸಂನ ಸಂಚಾರಿ ನಾಟಕ ತಂಡ ‘ತಿರುಗಾಟ’ ಶುರುವಾದ ಮೇಲೆ ಶೇಕ್ಸ್‌ಪಿಯರ್, ಬ್ರೆಕ್ಟ್ ನಾಟಕಗಳು ಊರೂರಿಗೆ ಹೋದವು. ಹೆಗ್ಗೋಡಿನ ಸಂಸ್ಕೃತಿ ಶಿಬಿರದಲ್ಲಿ ನಾಟಕ ನೋಡಿದ ಮರುದಿನ ಅದರ ಬಗ್ಗೆ ಯಾರು ಬೇಕಾದರೂ ಎದ್ದು ಮಾತಾಡಬಹುದು. ವಿಶ್ವವಿದ್ಯಾಲಯಗಳು ಮಾಡಬೇಕಾದ್ದನ್ನು ಒಂದು ಹಳ್ಳಿ ಮಾಡಿತು.

ಪುಸ್ತಕಗಳಿಗೂ ಬರವಿಲ್ಲ. ಸೊಫೊಕ್ಲಿಸನ ಈಡಿಪಸ್ ಲಂಕೇಶರ ಕನ್ನಡದಲ್ಲಿದ್ದಾನೆ. ಚಿನುವಾ ಅಚಿಬೆಯ ಕಾದಂಬರಿ ಸಿ. ನಾಗಣ್ಣ ಅವರಿಂದ ‘ಭಂಗ’ ಆಗಿ ಬಂದಿದೆ. ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ಯನ್ನು ಓ.ಎಲ್. ನಾಗಭೂಷಣಸ್ವಾಮಿ ತಂದಿದ್ದಾರೆ. ಇನ್ನೊಂದು ದಿಕ್ಕಿನಿಂದ ಕನ್ನಡವೂ ಹೊರಗೆ ಹೋಗಿದೆ. ಮೈಸೂರಿನ ಎ.ಕೆ. ರಾಮಾನುಜನ್ ಷಿಕಾಗೊದಲ್ಲಿ ಪಾಠ ಹೇಳುತ್ತ ವಚನಗಳನ್ನೂ ಅನಂತಮೂರ್ತಿಯವರ ‘ಸಂಸ್ಕಾರ’ವನ್ನೂ ಇಂಗ್ಲಿಷಿಗೆ ಕೊಟ್ಟರು. 2025ರಲ್ಲಿ ಬಾನು ಮುಷ್ತಾಕ್ ಕಥೆಗಳಿಗೆ, ಅವುಗಳನ್ನು ಅನುವಾದಿಸಿದ ದೀಪಾ ಭಾಸ್ತಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಹೊರಗಿನವರು ಹಾಸನದ ಲೇಖಕಿಯನ್ನು ಓದುತ್ತಿರುವಾಗ ಹಾಸನದ ಬಿ.ಎ. ವಿದ್ಯಾರ್ಥಿಗೆ ಅಚಿಬೆ ಬರೀ ಒಂದು ಅಂಕದ ಪ್ರಶ್ನೆಯಾಗಿ ಸಿಗುವುದು ನೋವಿನ ಸಂಗತಿ.

ಅಡ್ಡಿಗಳು ನಿಜ. ಒಂದು ಕೊಠಡಿಯಲ್ಲಿ ಎಂಬತ್ತು ತೊಂಬತ್ತು ಮಂದಿ, ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದ ಅತಿಥಿ ಉಪನ್ಯಾಸಕರು, ನಾಲ್ಕು ತಿಂಗಳಲ್ಲಿ ಮುಗಿಸಬೇಕಾದ ಸಿಲಬಸ್. ಇವುಗಳ ಜೊತೆಗೆ ಭಯವೂ ಇದೆ. ರಾಮಾನುಜನ್ ಅವರದೇ ರಾಮಾಯಣಗಳ ಕುರಿತ ಪ್ರಬಂಧವನ್ನು ದೆಹಲಿ ವಿಶ್ವವಿದ್ಯಾಲಯ 2011ರಲ್ಲಿ ಪಠ್ಯದಿಂದ ತೆಗೆದುಹಾಕಿತು. ಕನ್ನಡದ ಜನಪದರು ಹಾಡುವ ರಾಮಕಥೆಯೂ ಅದರಲ್ಲಿತ್ತು. ಒಂದು ಕಥೆಗೆ ಹಲವು ರೂಪ ಇರುವುದನ್ನು ತರಗತಿಯಲ್ಲಿ ಮಾತಾಡುವುದೇ ಅಪಾಯ ಎನಿಸಿದರೆ ಉಪನ್ಯಾಸಕರು ನೋಟ್ಸ್ ಹೇಳಿ ಬರೆಸುವ ಸುರಕ್ಷಿತ ದಾರಿಗೆ ಇಳಿಯುತ್ತಾರೆ. ಅವರನ್ನು ದೂರುವ ಮೊದಲು ಅವರ ಬೆನ್ನಿಗೆ ಆಡಳಿತ ನಿಲ್ಲಬೇಕು.

ಎಲ್ಲ ಒಮ್ಮೆಗೇ ಬದಲಾಗಲಿ ಎಂದು ಕಾಯಬೇಕಿಲ್ಲ. ಸೆಮಿಸ್ಟರಿಗೆ ಹತ್ತು ಲೇಖಕರ ಪರಿಚಯದ ಬದಲು ಮೂರು ಪೂರ್ತಿ ಪುಸ್ತಕ ಇಡಬಹುದು. ಎಂಬತ್ತು ಮಂದಿಯನ್ನು ನಾಲ್ಕು ಗುಂಪು ಮಾಡಿ, ವಾರಕ್ಕೊಂದು ಗಂಟೆ ಒಂದೊಂದು ಗುಂಪನ್ನು ಸುತ್ತ ಕೂರಿಸಿಕೊಳ್ಳಬಹುದು. ಮಾತು ಕನ್ನಡದಲ್ಲೇ ನಡೆಯಲಿ, ಯಾಕೆಂದರೆ ಇಂಗ್ಲಿಷಿನ ಅಂಜಿಕೆಯಲ್ಲಿ ಬಾಯಿ ಕಟ್ಟಿದವರಿಗೆ ಈಡಿಪಸ್ ಬಗ್ಗೆ ಹೇಳಲು ಬಹಳ ಇರುತ್ತದೆ. ಆಂತರಿಕ ಅಂಕಗಳನ್ನು ಟೈಪ್ ಮಾಡಿಸಿ ತಂದ ಅಸೈನ್‌ಮೆಂಟಿಗೆ ಕೊಡುವ ಬದಲು, ಪುಟ ತೆರೆದು ಒಂದು ಸಾಲಿನ ಬಗ್ಗೆ ವಾದ ಮಂಡಿಸಿದ್ದಕ್ಕೆ ಕೊಡಲಿ. ಇದಕ್ಕೆ ಮೊದಲು ಆಗಬೇಕಾದ ಕೆಲಸ ಕಾಲೇಜಿನ ಲೈಬ್ರರಿಯಲ್ಲಿದೆ. ನೂರು ಪುಸ್ತಕಗಳ ಒಂದೊಂದು ಪ್ರತಿ ಕೊಂಡು ಬೀರುವಿಗೆ ಬೀಗ ಹಾಕುವ ಪದ್ಧತಿ ಬಿಟ್ಟು, ‘ಭಂಗ’ದ ಇಪ್ಪತ್ತೈದು ಪ್ರತಿ, ಲಂಕೇಶರ ಈಡಿಪಸ್‌ನ ಇಪ್ಪತ್ತೈದು ಪ್ರತಿ ಕೊಳ್ಳಲು ಈ ವರ್ಷದ ಅನುದಾನದಲ್ಲೇ ಅವಕಾಶ ಮಾಡಿಕೊಡಬೇಕು.